ಬಿನ್ಯವಾಂಗ ವೈನೈನಾ ಎಂಬ ಸಂಪಾದಕ

ಕೀನ್ಯಾದ ಲೇಖಕ ಬಿನ್ಯವಾಂಗ ವೈನೈನಾ ಅಂದ ಕೂಡಲೇ ಬಹಳ ಜನ ಒಂದೇ ಪ್ರಬಂಧದ ಹೆಸರು ಹೇಳುತ್ತಾರೆ. ಆಫ್ರಿಕಾದ ಬಗ್ಗೆ ಹೇಗೆ ಬರೆಯಬೇಕು ಅಂತ ಹೊರಗಿನ ಲೇಖಕರಿಗೆ ಅಣಕದ ಪಾಠ ಹೇಳುವ ಬರಹ ಅದು. 2005ರಲ್ಲಿ ಬ್ರಿಟನ್ನಿನ ಗ್ರಾಂಟಾ ಸಾಹಿತ್ಯ ಪತ್ರಿಕೆಯಲ್ಲಿ ಬಂತು. ಹರಿತವಾದ ಬರಹ, ಓದಲೇಬೇಕು. ಆದರೆ ಅವರನ್ನು ಅಷ್ಟಕ್ಕೇ ನಿಲ್ಲಿಸಿಬಿಟ್ಟರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಅವರ ದೊಡ್ಡ ಕೆಲಸ ಇರುವುದು ಸಂಪಾದನೆಯಲ್ಲಿ.

ಹುಟ್ಟಿದ್ದು 1971ರಲ್ಲಿ, ನಕುರು ಪಟ್ಟಣದಲ್ಲಿ. ಕಾಮರ್ಸ್ ಓದಲು ದಕ್ಷಿಣ ಆಫ್ರಿಕಾಕ್ಕೆ ಹೋದರು. ಆಮೇಲೆ ಕೇಪ್‌ಟೌನ್‌ನಲ್ಲಿ ಊಟ ತಿಂಡಿ, ತಿರುಗಾಟದ ಬಗ್ಗೆ ಬರೆಯುತ್ತಾ ಇದ್ದರು. 2002ರಲ್ಲಿ, ಒಂದು ಇಂಟರ್ನೆಟ್ ಪತ್ರಿಕೆಯಲ್ಲಿ ಬಂದಿದ್ದ ಬರಹಕ್ಕೆ, ಆಫ್ರಿಕಾದ ಲೇಖಕರ ಸಣ್ಣಕಥೆಗೆ ಬ್ರಿಟನ್ನಿನಲ್ಲಿ ಕೊಡುವ ಕೇನ್ ಪ್ರಶಸ್ತಿ ಸಿಕ್ಕಿತು. ಅಂಥ ಪ್ರಶಸ್ತಿ ಬಂದ ಮೇಲೆ ಲಂಡನ್ನಿನ ಬಾಗಿಲು ತೆರೆಯುತ್ತದೆ, ಅಲ್ವಾ? ಆದರೆ ಅವರು ನೈರೋಬಿಯಲ್ಲಿ ಗೆಳೆಯರ ಜೊತೆ ಸೇರಿ 2003ರಲ್ಲಿ 'ಕ್ವಾನಿ?' ಎಂಬ ಸಾಹಿತ್ಯ ಪತ್ರಿಕೆ ಶುರು ಮಾಡಿದರು.

ಆ ಹೊತ್ತನ್ನು ಸ್ವಲ್ಪ ಗಮನಿಸಿ. ಕೀನ್ಯಾದ ಅಧ್ಯಕ್ಷ ಡೇನಿಯಲ್ ಅರಪ್ ಮೊಯಿ ಅವರ 24 ವರ್ಷಗಳ ಆಳ್ವಿಕೆ 2002ರ ಡಿಸೆಂಬರ್‌ನಲ್ಲಷ್ಟೇ ಮುಗಿದಿತ್ತು. ದೇಶದ ಹೆಸರಾಂತ ಕಾದಂಬರಿಕಾರ ಗೂಗಿ ವಾ ಥಿಯಾಂಗೊ 1982ರಿಂದ ದೇಶದ ಹೊರಗೇ ಇದ್ದರು. ಅಲ್ಲಿನ ಪ್ರಕಾಶಕರು ಹೆಚ್ಚಾಗಿ ಶಾಲೆಯ ಪಠ್ಯಪುಸ್ತಕಗಳನ್ನೇ ನಂಬಿಕೊಂಡಿದ್ದರು. ಹೊಸಬರು ಕಥೆ ಬರೆದರೆ ಕೊಡುವುದಾದರೂ ಯಾರಿಗೆ? 'ಕ್ವಾನಿ?' ಅಂಥವರಿಗೆ ಜಾಗ ಕೊಟ್ಟಿತು. ನೈರೋಬಿಯ ಹುಡುಗರು ಬೀದಿಯಲ್ಲಿ ಆಡುವ ಶೆಂಗ್ ಮಾತಿಗೂ ಅಲ್ಲಿ ಪುಟಗಳಿದ್ದವು. ಮೊದಲ ಸಂಚಿಕೆಯಲ್ಲಿ ಬಂದ ಇವೋನ್ ಅಧಿಯಾಂಬೊ ಓವೋರ್ ಅವರ ಕಥೆಗೆ ಅದೇ ವರ್ಷ ಕೇನ್ ಪ್ರಶಸ್ತಿ ಬಂತು. ಒಂದು ವರ್ಷದ ಹಿಂದೆ ತನಗೆ ಸಿಕ್ಕ ಪ್ರಶಸ್ತಿ, ಈಗ ತಾನು ಅಚ್ಚು ಹಾಕಿಸಿದ ಕಥೆಗೆ! ಸಂಪಾದಕನಿಗೆ ಇದಕ್ಕಿಂತ ಸಂತೋಷ ಇನ್ನೇನಿರುತ್ತದೆ?

2007ರ ಕೊನೆಯ ಚುನಾವಣೆ ಮುಗಿದದ್ದೇ ಕೀನ್ಯಾ ಹೊತ್ತಿ ಉರಿಯಿತು. ಸಾವಿರಕ್ಕೂ ಜಾಸ್ತಿ ಜನ ಸತ್ತರು, ಲಕ್ಷಾಂತರ ಜನ ಮನೆ ಬಿಟ್ಟು ಓಡಿದರು. ಆಗ 'ಕ್ವಾನಿ?' ಜನರ ಬಾಯಿಂದಲೇ ಕೇಳಿ ಬರೆದುಕೊಂಡ ಅನುಭವಗಳನ್ನು ಸೇರಿಸಿ ಎರಡು ಭಾಗಗಳ ಸಂಚಿಕೆ ತಂದಿತು. ಸಾಹಿತ್ಯ ಪತ್ರಿಕೆಯೊಂದು ಇಂಥ ಕೆಲಸಕ್ಕೆ ಇಳಿದದ್ದು ನನಗೆ ತುಂಬಾ ಮುಖ್ಯ ಅನಿಸುತ್ತದೆ.

ಇಷ್ಟರ ನಡುವೆ ಅವರ ಸ್ವಂತ ಬರವಣಿಗೆ ನಿಧಾನವಾಯಿತು. ಆತ್ಮಕಥನ ಬಂದದ್ದು 2011ರಲ್ಲಿ. ಕಾದಂಬರಿ ಪ್ರಕಟಿಸಲೇ ಇಲ್ಲ. ಅದೊಂದು ಕೊರತೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬೇರೆಯವರ ಹಸ್ತಪ್ರತಿಯ ಮುಂದೆ ಕೂತ ಸಮಯವನ್ನೂ ಲೇಖಕನ ಬದುಕಿಗೇ ಸೇರಿಸಬೇಕು.

2014ರ ಜನವರಿಯಲ್ಲಿ ತಾನು ಸಲಿಂಗಿ ಎಂದು ಬಹಿರಂಗವಾಗಿ ಬರೆದರು, ತೀರಿಹೋದ ಅಮ್ಮನಿಗೆ ಹೇಳುವ ಹಾಗೆ. ಕೇಪ್‌ಟೌನ್‌ನ ಚಿಮುರೆಂಗಾ ಪತ್ರಿಕೆ ಅದನ್ನು ಪ್ರಕಟಿಸಿತು. ಕೀನ್ಯಾದಲ್ಲಿ ಸಲಿಂಗ ಸಂಬಂಧಕ್ಕೆ 14 ವರ್ಷದವರೆಗೂ ಜೈಲು ಶಿಕ್ಷೆ ವಿಧಿಸಬಹುದು. ಅವರು 2019ರ ಮೇ 21ರಂದು, 48ನೇ ವಯಸ್ಸಿಗೆ ತೀರಿಕೊಂಡರು. ಮೂರು ದಿನ ಕಳೆದು ಅಲ್ಲಿನ ಹೈಕೋರ್ಟ್ ಆ ಕಾನೂನನ್ನು ಎತ್ತಿಹಿಡಿಯಿತು. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಅವರು ಕಟ್ಟಿದ ಸಂಸ್ಥೆ, ಅಂದರೆ 'ಕ್ವಾನಿ?' ಪತ್ರಿಕೆಯ ಹಿಂದಿದ್ದ ಕ್ವಾನಿ ಟ್ರಸ್ಟ್, ಬೇರೆಯವರ ಕೈಗೆ ಹೋದ ಮೇಲೂ ಕೆಲಸ ಮಾಡಿತು. ಉಗಾಂಡಾದ ಜೆನಿಫರ್ ನನ್ಸುಬುಗಾ ಮಕುಂಬಿ ಅವರ 'ಕಿಂಟು' ಕಾದಂಬರಿಯನ್ನು ಬ್ರಿಟನ್ನಿನ ಪ್ರಕಾಶಕರು 'ತೀರಾ ಆಫ್ರಿಕನ್' ಅಂತ ಪಕ್ಕಕ್ಕಿಟ್ಟಿದ್ದರು. ಕ್ವಾನಿ ಟ್ರಸ್ಟ್‌ನ ಹಸ್ತಪ್ರತಿ ಸ್ಪರ್ಧೆಯಲ್ಲಿ ಅದೇ ಗೆದ್ದಿತು, 2014ರಲ್ಲಿ ನೈರೋಬಿಯಲ್ಲಿ ಅಚ್ಚಾಯಿತು. ಒಂದು ಶಾಪಗ್ರಸ್ತ ಕುಲದ ಕಥೆ, 1750ರಿಂದ 2004ರವರೆಗೆ. ದಯವಿಟ್ಟು ಹುಡುಕಿ ಓದಿ.