ಉಬ್ಬಸದ ಔಷಧಿಗೆ ಮದುವೆಗೆ ಹೊರಟ ಯೀಸ್ಟ್

ಬೇಕರಿಯವರು ಬ್ರೆಡ್ ಹಿಟ್ಟಿಗೆ ಹಾಕುವ ಯೀಸ್ಟಿಗೆ ಮನುಷ್ಯನ ಅಡ್ರಿನಲಿನ್ ಗ್ರಾಹಕ (ಕೋಶದ ಮೈಮೇಲೆ ಕೂತು ರಾಸಾಯನಿಕದ ಸಂದೇಶ ಹಿಡಿಯುವ ಪ್ರೋಟೀನ್) ತೊಡಿಸಿದ ಕಥೆ ಒಂದಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 1990ರಲ್ಲಿ ಮಾಡಿದ್ದು. ಅದ್ಭುತ ಕೆಲಸ, ಸುಳ್ಳು ಹೇಳಬಾರದು. ತಂಡದ ಲೆಫ್ಕೋವಿಟ್ಜ್ ಅವರಿಗೆ ಇಂಥ ಗ್ರಾಹಕಗಳ ಅಧ್ಯಯನಕ್ಕೇ 2012ರಲ್ಲಿ ನೊಬೆಲ್ ಬಂತು. ನನ್ನ ತಕರಾರು ಇಂಥ ಯೀಸ್ಟಿನಲ್ಲಿ ಔಷಧಿ ಪರೀಕ್ಷಿಸಿ ನೋಡುವುದಕ್ಕೆ ಡ್ಯೂಕಿನವರಿಗೆ 1996ರಲ್ಲಿ ಸಿಕ್ಕ ಪೇಟೆಂಟಿನ ಬಗ್ಗೆ.

ಅದಕ್ಕೆ ಮೊದಲು ಯೀಸ್ಟಿನ ಮದುವೆ ವಿಷಯ ಹೇಳಿಬಿಡುತ್ತೇನೆ, ತಡೆಯೋಕಾಗಲ್ಲ. ಅದರಲ್ಲಿ ಎರಡು ಪಂಗಡ: ಎ ಮತ್ತು ಆಲ್ಫಾ. ಒಂದು ಬಿಟ್ಟ ರಾಸಾಯನಿಕವನ್ನು ಇನ್ನೊಂದರ ಮೈಮೇಲಿನ ಗ್ರಾಹಕ ಹಿಡಿಯುತ್ತದೆ. ಅಷ್ಟೇ, ಮಾಡುತ್ತಿದ್ದ ಕೆಲಸ ಬಿಟ್ಟು ಆ ಕಡೆ ಮೂತಿ ಚಾಚುತ್ತದೆ. ಜಾತಕವಿಲ್ಲ, ಛತ್ರಕ್ಕೆ ಅಡ್ವಾನ್ಸ್ ಇಲ್ಲ. ಈ ಬಡಪಾಯಿಗೆ ಮನುಷ್ಯನ ಗ್ರಾಹಕ, ಜೊತೆಗೆ ಸಸ್ತನಿಯ ಜಿ-ಪ್ರೋಟೀನಿನ (ಗ್ರಾಹಕ ಹಿಡಿದ ಸಂದೇಶವನ್ನು ಕೋಶದೊಳಕ್ಕೆ ದಾಟಿಸುವಂಥದ್ದು) ಒಂದು ತುಂಡು ಕೊಟ್ಟರು. ಮೇಲೆ ಅಡ್ರಿನಲಿನ್ ಥರದ ಔಷಧಿ ಹನಿಸಿದರು. ಯೀಸ್ಟ್ ಅರ್ಧಂಬರ್ಧ ಮದುವೆ ತಯಾರಿಗೆ ಇಳಿದೇಬಿಟ್ಟಿತು! ಉಬ್ಬಸದವರ ಎಷ್ಟೋ ಇನ್‌ಹೇಲರ್ ಕೆಲಸ ಮಾಡುವುದೂ ಇದೇ ಗ್ರಾಹಕದ ಮೇಲೆ. ನಮಗೆ ಉಸಿರು, ಅದಕ್ಕೆ ನಿಶ್ಚಿತಾರ್ಥ.

1990ರ ಆ ಕೆಲಸದ ವರದಿಯಲ್ಲಿ ಯೀಸ್ಟಿಗೆ ತೊಡಿಸಿದ್ದು ಒಂದೇ ಗ್ರಾಹಕ. ಪೇಟೆಂಟಿನ ತಲೆಬರಹದಲ್ಲಾದರೋ 'ಸಸ್ತನಿ'ಯ ಗ್ರಾಹಕಗಳು ಅಂತಲೇ ಇದೆ. ಮನುಷ್ಯನಲ್ಲೇ ಜಿ-ಪ್ರೋಟೀನಿಗೆ ಸಂದೇಶ ಕೊಡುವ ಈ ಕುಲದ ಗ್ರಾಹಕ ಸುಮಾರು 800. ಇನ್ನು ಎಮ್ಮೆ, ಬೆಕ್ಕು, ಬಾವಲಿ, ತಿಮಿಂಗಿಲ. ಒಂದು ಸೈಟಿಗೆ ರಿಜಿಸ್ಟ್ರೇಷನ್ ಮಾಡಿಸಿ ಇಡೀ ಲೇಔಟಿಗೆ ಕಾಂಪೌಂಡ್ ಕಟ್ಟಿದ ಹಾಗೆ.

ಯೀಸ್ಟಿಗೆ ಪೇಟೆಂಟ್ ಹೊಸದೇನಲ್ಲ ಬಿಡಿ. 1873ರಲ್ಲೇ ಪಾಶ್ಚರ್ ಮಹಾಶಯರು ಅಮೆರಿಕದಲ್ಲಿ ರೋಗಾಣುವಿಲ್ಲದ ಯೀಸ್ಟಿಗೆ ಒಂದು ಪಡೆದಿದ್ದರು. 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ವಿಜ್ಞಾನಿ ಆನಂದ ಚಕ್ರವರ್ತಿಯವರ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾದ ಪೇಟೆಂಟಿಗೆ 5-4ರ ಬಹುಮತದಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮ ಕಾನೂನು ಇನ್ನೂ ಚೆಂದ: ಪ್ರಾಣಿಗೆ, ಗಿಡಕ್ಕೆ ಪೇಟೆಂಟ್ ಇಲ್ಲ, ಸೂಕ್ಷ್ಮಜೀವಿಗೆ ಆ ತಡೆ ಇಲ್ಲ. ಅಂದರೆ ಆನೆಗೆ ಸಿಗಲ್ಲ. ಆನೆಯ ಗ್ರಾಹಕ ಹೊತ್ತ ಯೀಸ್ಟ್ ತಂದರೆ ಅರ್ಜಿ ಹಾಕಿ ನೋಡಬಹುದು.

ನಗು ಸಾಕು. ಗ್ರಾಹಕವನ್ನು ಇವರು ಮಾಡಲಿಲ್ಲ, ಯೀಸ್ಟನ್ನೂ ಮಾಡಲಿಲ್ಲ. ಜೋಡಿಸಿದರು, ಆ ಜೋಡಿಗೆ ಹಕ್ಕು ತಗೊಳ್ಳಲಿ. ಇನ್ಯಾರೋ ನಿದ್ದೆಗೆಟ್ಟು ಇನ್ನೊಂದು ಗ್ರಾಹಕ ಜೋಡಿಸಿದರೆ ಇವರ ಬಾಗಿಲು ಯಾಕೆ ತಟ್ಟಬೇಕು? ಔಷಧಿ ಹುಡುಕಲು ಹೊರಟವನು ಮೊದಲು ವಕೀಲರನ್ನು ಹುಡುಕಬೇಕಾ?

ಆ ಪೇಟೆಂಟಿನ ಅವಧಿ ಎಂದೋ ಮುಗಿದಿದೆ. ಯೀಸ್ಟಿಗೆ ಯಾರೂ ಹೇಳಿಲ್ಲ. ಔಷಧಿಯ ಹನಿ ಬಿದ್ದಾಗಲೆಲ್ಲ ಸಂಬಂಧ ಕುದುರಿತು ಅಂತ ಎದ್ದು ಕೂರುತ್ತದೆ, ಪಾಪ.