ಠಾಣೆಗಿಂತ ಮೊದಲು ಸಿಡಿಪಿಓ ಕಚೇರಿ

ರಾಜಕಾರಣಿ ಗಂಡನ ಏಟು ತಿಂದ ಹೆಂಗಸಿನ ಆತ್ಮಕಥೆ ಓದಿ ‘ಇಷ್ಟು ವರ್ಷ ಯಾಕೆ ಸುಮ್ಮನಿದ್ದಳು’ ಅಂತ ಕೇಳೋರಿಗೆ: ಪೊಲೀಸರೇ ಗಂಡನಿಗೆ ಸೆಲ್ಯೂಟ್ ಹೊಡೆಯುವಾಗ ದೂರು ಕೊಡೋದು ಯಾರಿಗೆ ಸ್ವಾಮಿ? ನಮ್ಮಲ್ಲಿ 2005ರ ಕೌಟುಂಬಿಕ ಹಿಂಸೆ ಕಾಯ್ದೆಗೆ ಠಾಣೆ ಮೆಟ್ಟಿಲು ಹತ್ತಲೇಬೇಕೆಂದಿಲ್ಲ. ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಅಲ್ಲಿ ನಡೆದ ಹಿಂಸೆಯ ವರದಿ ಬರೆಸಿ, 12ನೇ ಸೆಕ್ಷನ್ ಕೆಳಗೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಗಂಡ ಮಂಡ್ಯದ ಲೀಡರ್ರೇ ಆಗಿರಲಿ, ಮೈಸೂರಿನ ತವರಲ್ಲಿದ್ದರೆ ಅಲ್ಲಿನ ಕೋರ್ಟಿಗೇ ಹಾಕಬಹುದು (27ನೇ ಸೆಕ್ಷನ್). ಎಡವೋದು ನೋಟಿಸ್‌ನಲ್ಲಿ: ‘ಸಾಹೇಬರು ಬೆಂಗಳೂರಲ್ಲಿದ್ದಾರೆ’ ಅಂತ ವಾಪಸ್ ಬರುತ್ತೆ, ಅರ್ಜಿ ಇತ್ಯರ್ಥಕ್ಕಿರೋ 60 ದಿನದ ಗಡುವು ಕಾಗದದಲ್ಲೇ ಉಳಿಯುತ್ತೆ. ಅದಕ್ಕೇ ಮೊದಲ ದಿನವೇ ಅಫಿಡವಿಟ್ ಜೊತೆ 23(2)ನೇ ಸೆಕ್ಷನ್ ಕೆಳಗೆ ಏಕಪಕ್ಷೀಯ ಮಧ್ಯಂತರ ಆದೇಶ (ಗಂಡ ಬರೋದಕ್ಕೆ ಕಾಯದೆ ಕೊಡೋ ತಾತ್ಕಾಲಿಕ ಆದೇಶ) ಕೇಳಬೇಕು. ಗಾಯವಿದ್ದರೆ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಎಂಎಲ್‌ಸಿ (ಗಾಯದ ಕಾನೂನು ದಾಖಲೆ) ಮಾಡಿಸಿ. ಮರ್ಯಾದೆಗೆ ಅಂಜಿ ‘ಬಾತ್‌ರೂಮಲ್ಲಿ ಜಾರಿಬಿದ್ದೆ’ ಅಂತ ಮಾತ್ರ ಬರೆಸಬೇಡಿ, ಆ ಒಂದು ಸಾಲನ್ನೇ ಗಂಡನ ವಕೀಲರು ಎತ್ತಿ ಹಿಡಿಯೋದು.