ವಾರಂಟಿ ಇರುವ ಕಾರು

ಕಾರಿನ ಎದುರಿನ ಖಾನೆಯಲ್ಲಿ ಆರ್‌ಸಿ, ಇನ್ಶೂರೆನ್ಸ್, ಹಳೆಯ ಮದುವೆ ಕಾಗದ ಇವೆಲ್ಲದರ ಅಡಿಯಲ್ಲಿ ವಾರಂಟಿಯ ಒಂದು ಪುಸ್ತಕ ಇರುತ್ತದೆ. ಕಾರು ತಂದ ದಿನ ಅದನ್ನು ಯಾರೂ ಓದುವುದಿಲ್ಲ. ಅವತ್ತು ಬೇರೆ ಕೆಲಸ ಜಾಸ್ತಿ. ಶಿರಸಿಯವರಾದರೆ ಮಾರಿಗುಡಿಗೆ ಹೋಗಬೇಕು, ಹೊನ್ನಾವರ ಕಡೆಯವರಾದರೆ ಇಡಗುಂಜಿಗೆ. ಗಾಲಿಯಡಿಗೆ ನಿಂಬೆಹಣ್ಣು ಇಡಬೇಕು. ನೆಂಟರಿಗೆಲ್ಲ ಫೋಟೋ ಕಳಿಸಬೇಕು. ಪುಸ್ತಕ ಹೊರಗೆ ಬರುವುದು ಕಾರು ಮೊದಲ ಸಲ ಕೈಕೊಟ್ಟಾಗ. ಆಗ ಮನೆಯಲ್ಲಿ ಇಂಗ್ಲಿಷ್ ಓದಿ ರೂಢಿ ಇರುವವರೊಬ್ಬರು ಜಗಲಿಯಲ್ಲಿ ಕೂತು ಓದಿ ಹೇಳುತ್ತಾರೆ. ಉಳಿದವರು ಎಲೆ-ಅಡಿಕೆಯ ಕವಳ ಹಾಕುತ್ತ ಕೇಳುತ್ತಾರೆ.

ಮೊದಲ ಪುಟ ಚೆನ್ನಾಗಿರುತ್ತದೆ. 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. ಸಾಮಾನಿನಲ್ಲೋ ತಯಾರಿಕೆಯಲ್ಲೋ ದೋಷ ಕಂಡರೆ ಪುಕ್ಕಟೆ ಸರಿ ಮಾಡಿಕೊಡುತ್ತೇವೆ. ಕೇಳಿದವರ ಮುಖ ಅರಳುತ್ತದೆ. ಎರಡನೇ ಪುಟದಿಂದ ಯಾವುದಕ್ಕೆಲ್ಲ ಇದು ಅನ್ವಯಿಸುವುದಿಲ್ಲ ಎಂಬ ಪಟ್ಟಿ ಶುರು. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ವೈಪರ್ ರಬ್ಬರು, ಬಲ್ಬು, ಫಿಲ್ಟರು ಎಲ್ಲ ಸವೆಯುವ ಸಾಮಾನು. ಟೈರು, ಬ್ಯಾಟರಿ ಬೇರೆಯವರು ಮಾಡಿದ್ದು, ಅವರನ್ನೇ ಕೇಳಿ. ಇರಲಿ, ಇದನ್ನು ಒಪ್ಪೋಣ. ಆಮೇಲೆ ಬರುತ್ತದೆ ನೋಡಿ: ಉಪ್ಪು, ಮರದ ಅಂಟು, ಹಕ್ಕಿಯ ಹಿಕ್ಕೆ, ಬಿರುಗಾಳಿ, ಸಿಡಿಲು, ನೆರೆ, ಸಿಡಿದ ಕಲ್ಲು, ಪ್ರಾಣಿಗಳು ಕಡಿದದ್ದು. ಇದನ್ನು ಬರೆದ ಪುಣ್ಯಾತ್ಮ ಒಂದು ಮಳೆಗಾಲ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಕಳೆದಿರಬೇಕು. ಹಲಸಿನ ಮರದಡಿ ಕಾರು ನಿಲ್ಲಿಸಿ, ದಿನಾ ಬೆಳಿಗ್ಗೆ ಎದ್ದು ಬಂದು, ಕಂಡದ್ದನ್ನೆಲ್ಲ ಒಂದೊಂದಾಗಿ ಬರೆದುಕೊಂಡು ಹೋಗಿದ್ದಾನೆ.

ಇದರಲ್ಲಿ ಇಲಿಯದ್ದು ದೊಡ್ಡ ಕಥೆ. ಹಳ್ಳಿಮನೆಯಲ್ಲಿ ಕಾರಿಗೆ ಅಂತ ಬೇರೆ ಕೋಣೆ ಇರುವುದು ಕಡಿಮೆ. ಕೊಟ್ಟಿಗೆಯ ಪಕ್ಕದ ಮಾಡಿನ ಕೆಳಗೋ, ಅಡಿಕೆ ರಾಶಿ ಹಾಕುವ ಜಾಗದ ಹತ್ತಿರವೋ ನಿಂತಿರುತ್ತದೆ. ಮಳೆಗಾಲದ ರಾತ್ರಿಯಲ್ಲಿ ಆಗತಾನೆ ಬಂದು ನಿಂತ ಎಂಜಿನ್ನಿಗಿಂತ ಬೆಚ್ಚಗಿನ ಜಾಗ ಇಲಿಗೆ ಎಲ್ಲಿ ಸಿಗಬೇಕು? ಅಡಿಕೆ ಸಿಪ್ಪೆ ತಂದು ಹಾಸಿಕೊಂಡು ಸಂಸಾರ ಹೂಡುತ್ತದೆ. ಇಲಿಯ ಮುಂದಿನ ಹಲ್ಲು ಬದುಕಿರುವಷ್ಟು ದಿನವೂ ಬೆಳೆಯುತ್ತಲೇ ಇರುತ್ತದಂತೆ, ಏನಾದರೂ ಕಡಿದು ಸವೆಸಲೇಬೇಕು. ಹಿಂದೆ ಓಮ್ನಿಯ ವಯರು ಕಡಿದರೆ ಹಾರ್ನ್ ಹೋಗುತ್ತಿತ್ತು. ಇನ್ಸುಲೇಷನ್ ಟೇಪ್ ಸುತ್ತಿದರೆ ಮತ್ತೆ ಕೂಗುತ್ತಿತ್ತು. ಈಗ ಸೆನ್ಸರಿನ ವಯರು ಕಡಿದರೆ ಕಾರು ಶುರುವೇ ಆಗುವುದಿಲ್ಲ. ಒಂದೇ ವಯರು ಜೋಡಿಸಿ ಅಂದರೆ ಸರ್ವಿಸ್ ಸೆಂಟರಿನವರು ಒಪ್ಪುವುದಿಲ್ಲ, ಇಡೀ ಹಾರ್ನೆಸ್, ಅಂದರೆ ವಯರಿನ ಕಟ್ಟನ್ನೇ ಬದಲಿಸಬೇಕು ಅನ್ನುತ್ತಾರೆ. ಅದರ ಬೆಲೆ ಕೇಳಿದ ಕೂಡಲೇ ನಮ್ಮವರು ಮನಸ್ಸಿನಲ್ಲೇ ಅದನ್ನು ಚಾಲಿ ಅಡಿಕೆಯ ಲೆಕ್ಕಕ್ಕೆ ತಿರುಗಿಸಿಕೊಂಡು ಸುಮ್ಮನಾಗುತ್ತಾರೆ.

ಊರಿನವರು ತಮ್ಮ ತಮ್ಮ ಉಪಾಯ ಮಾಡಿಕೊಂಡಿದ್ದಾರೆ. ಕೆಲವರು ಬಾನೆಟ್ಟಿನೊಳಗೆ ಡಾಂಬರ್ ಗುಳಿಗೆ ಕಟ್ಟುತ್ತಾರೆ. ಕೆಲವರು ತಂಬಾಕಿನ ಎಲೆ ಸಿಕ್ಕಿಸುತ್ತಾರೆ. ಕವಳದ ಮನೆಗಳಲ್ಲಿ ತಂಬಾಕಿಗೇನೂ ಬರವಿಲ್ಲವಲ್ಲ. ಪಕ್ಕದ ಮನೆಯ ದೊಡ್ಡಪ್ಪ ರಾತ್ರಿಯಿಡೀ ಬಾನೆಟ್ ಎತ್ತಿ ಇಟ್ಟು, ಒಳಗೊಂದು ಬಲ್ಬು ಉರಿಸುತ್ತಾರೆ. ಬೆಳಕಿದ್ದರೆ ಇಲಿ ಬರುವುದಿಲ್ಲ. ಕರೆಂಟು ಹೋದರೆ ಬರುತ್ತದೆ. ಜುಲೈ ತಿಂಗಳಲ್ಲಿ ನಮ್ಮ ಕಡೆ ಕರೆಂಟು ಹೋಗದ ರಾತ್ರಿ ಯಾವುದು ಹೇಳಿ?

ಘಟ್ಟದ ಕೆಳಗೆ ಇಲಿಯ ಜೊತೆಗೆ ಉಪ್ಪೂ ಸೇರಿಕೊಳ್ಳುತ್ತದೆ. ಸಮುದ್ರದ ಗಾಳಿ ಒಂದು ಕಡೆ, ಹೆದ್ದಾರಿಯಲ್ಲಿ ಮೀನಿನ ಲಾರಿಯಿಂದ ಸುರಿಯುವ ನೀರು ಇನ್ನೊಂದು ಕಡೆ. ಅದರ ಹಿಂದೆ ಅಂಕೋಲೆಯಿಂದ ಕಾರವಾರದವರೆಗೆ ಹೋದರೆ ಕಾರಿನ ಹೊಟ್ಟೆಗೆಲ್ಲ ಉಪ್ಪುನೀರಿನ ಅಭಿಷೇಕ. ತುಕ್ಕು ಮೊದಲು ನಟ್ಟು ಬೋಲ್ಟಿಗೆ, ಆಮೇಲೆ ಬೆಸುಗೆಯ ಅಂಚಿಗೆ, ಆಮೇಲೆ ಬಾಗಿಲ ಕೆಳಗೆ ಬರುತ್ತದೆ. ಕಾರವಾರದ ಭಾವ ತನ್ನ ಕಾರಿನ ತುಕ್ಕಿನ ಬಗ್ಗೆ ಶೋರೂಮಿಗೆ ಹೋಗಿ ಕೇಳಿದ್ದನಂತೆ. ವಾತಾವರಣದ ಪರಿಣಾಮ, ವಾರಂಟಿಯಲ್ಲಿ ಬರುವುದಿಲ್ಲ ಅಂದರಂತೆ. ಅವನು ಅದಕ್ಕೆ ಬೇಜಾರು ಮಾಡಿಕೊಂಡಿಲ್ಲ. ಇಲ್ಲಿ ನೌಕಾನೆಲೆಯವರೇ ಹಡಗಿಗೆ ವರ್ಷವಿಡೀ ಬಣ್ಣ ಬಳಿಯುತ್ತ ಇರ್ತಾರೆ, ನನ್ನ ಕಾರಿನದ್ದೇನು ದೊಡ್ಡದು ಅನ್ನುತ್ತಾನೆ.

ನೆರೆಯ ವಿಷಯ ಬೇರೆ. 2019ರ ಆಗಸ್ಟಿನಲ್ಲಿ ಗಂಗಾವಳಿ ಉಕ್ಕಿದಾಗ ಜನಕ್ಕೆ ತಮ್ಮ ಜೀವ, ದನಕರು ಉಳಿಸಿಕೊಳ್ಳುವುದೇ ಸಾಕಾಗಿತ್ತು. ಅಂಥಲ್ಲಿ ಕಾರಿನ ಮಾತು ಎತ್ತುವುದು ಸಣ್ಣತನ. ಆದರೂ ಒಂದು ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ನೀರಲ್ಲಿ ನಿಂತ ಕಾರನ್ನು ಶುರು ಮಾಡಲು ನೋಡಬಾರದು. ಎಂಜಿನ್ನಿನೊಳಗೆ ಹೋದ ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗಿ ಹೋಗುತ್ತದೆ. ಇದಕ್ಕೆ ವಾರಂಟಿಯೂ ಇಲ್ಲ, ಮಾಮೂಲಿ ಇನ್ಶೂರೆನ್ಸೂ ಸಾಮಾನ್ಯವಾಗಿ ಬರುವುದಿಲ್ಲ. ಎಂಜಿನ್ ಪ್ರೊಟೆಕ್ಷನ್ ಅಂತ ಬೇರೆ ದುಡ್ಡು ಕಟ್ಟಿರಬೇಕು.

ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದು ನಿಜವಾದ ದೋಷ. ಕಾರಿನೊಳಗೇ ಹುಟ್ಟಿದ್ದು, ಇಲಿಯದ್ದೂ ಅಲ್ಲ, ಉಪ್ಪಿನದ್ದೂ ಅಲ್ಲ. ಅಂಥದ್ದೊಂದು ನಮ್ಮ ಕಾರಿಗೂ ಇದೆ. ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟ ಹತ್ತುವಾಗ, ಅದೂ ಜೋರು ಮಳೆಯಲ್ಲಿ, ಎದುರಿಗೆ ಒಂದು ಹಳದಿ ದೀಪ ಹತ್ತುತ್ತದೆ. ಆಮೇಲೆ ಕಾರು ಎಳೆಯುವುದಿಲ್ಲ. ಎಕ್ಸಿಲರೇಟರ್ ಎಷ್ಟು ತುಳಿದರೂ ಅದು ತನ್ನದೇ ನಡಿಗೆಯಲ್ಲಿ ಹೋಗುತ್ತದೆ. ಕಂಪ್ಯೂಟರಿಗೆ ಏನೋ ಅನುಮಾನ ಬಂದರೆ ಎಂಜಿನ್ ಕೆಡದಿರಲಿ ಅಂತ ಅದರ ಶಕ್ತಿ ತಗ್ಗಿಸಿಬಿಡುತ್ತದಂತೆ. ಲಿಂಪ್ ಮೋಡ್ ಅನ್ನುತ್ತಾರೆ. ಹಿಂದಿನ ಲಾರಿಯವನಿಗೆ ಇದೆಲ್ಲ ಗೊತ್ತಿಲ್ಲ. ಅವನು ಹಾರ್ನ್ ಹಾಕುತ್ತಾನೆ.

ಎಣ್ಣೆ ಬದಲಿಸುವಂಥ ಚಿಲ್ಲರೆ ಕೆಲಸ ಶಿರಸಿಯಲ್ಲೇ ಆಗುತ್ತದೆ. ವಾರಂಟಿ ಕೆಲಸ ಅಂದರೆ ಹುಬ್ಬಳ್ಳಿ. ಸುಮಾರು 100 ಕಿಲೋಮೀಟರ್. ಮುಂಡಗೋಡ ದಾಟಿದ ಮೇಲೆ ನೆಲ ಸಪಾಟು, ಆಕಾಶ ನಿಚ್ಚಳ. ಅಲ್ಲಿಗೆ ಬರುವ ಹೊತ್ತಿಗೆ ಹಳದಿ ದೀಪ ಮಾಯ. ಹುಬ್ಬಳ್ಳಿಯ ರಸ್ತೆಯಲ್ಲಿ ನಮ್ಮ ಕಾರು ಶೋರೂಮಿನಿಂದ ಆಗತಾನೆ ಹೊರಗೆ ಬಂದದ್ದರಂತೆ ಓಡುತ್ತದೆ. ಹೆಂಡತಿಗೆ ಇದರಿಂದ ನಷ್ಟವೇನೂ ಇಲ್ಲ. ಕಾರು ಒಳಗಿದ್ದಷ್ಟು ಹೊತ್ತು ಅವಳು ಬಟ್ಟೆ ಅಂಗಡಿಯಲ್ಲಿ ಇರುತ್ತಾಳೆ. ನನಗೆ ತಂಪು ಕೋಣೆ, ಯಂತ್ರದ ಕಾಫಿ. ಮಧ್ಯಾಹ್ನದ ಮೇಲೆ ಇಸ್ತ್ರಿ ಅಂಗಿಯ ಹುಡುಗ ಬಂದು ವಿನಯವಾಗಿ ಹೇಳುತ್ತಾನೆ.

"ಈಗೇನೂ ತೋರ್ಸವಲ್ದರೀ ಸರ್. ಹಳೇ ಕೋಡ್ ಒಂದಿತ್ತು, ಅಳಿಸೇವ್ರಿ. ಪ್ರಾಬ್ಲಮ್ ಬಂದಾಗ ಗಾಡಿ ತಗೊಂಡ್ ಬರ್ರಿ."

ದೇವಿಮನೆ ಘಟ್ಟದ ಮಳೆಯಲ್ಲಿ ಬಂದ ಪ್ರಾಬ್ಲಮನ್ನು ಹುಬ್ಬಳ್ಳಿಯವರೆಗೆ ಹೇಗೆ ಒಯ್ಯಬೇಕೋ ನನಗೆ ಗೊತ್ತಿಲ್ಲ. ಜಾಬ್ ಕಾರ್ಡಿನಲ್ಲಿ ಬರೆದದ್ದು ಇಷ್ಟು: ಗ್ರಾಹಕರ ದೂರು, ಮಳೆಯಲ್ಲಿ ಎಳೆಯುವುದಿಲ್ಲ. ಪರಿಶೀಲನೆ, ದೋಷ ಕಂಡಿಲ್ಲ. ಮಾಡಿದ ಕೆಲಸ, ವಾಷಿಂಗ್.

ಆ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಅವನು ಅನುಮಾನದ ಮೇಲೆ ಒಂದು ಸಾಮಾನು ಬದಲಿಸಿದ ಅಂತಿಟ್ಟುಕೊಳ್ಳಿ. ಬಿಚ್ಚಿದ ಸಾಮಾನನ್ನು ಕಂಪನಿ ವಾಪಸ್ ಕೇಳಬಹುದು. ಪರೀಕ್ಷೆ ಮಾಡಿ, ಇದರಲ್ಲಿ ದೋಷವೇ ಇಲ್ಲ ಅಂದರೆ ಆ ದುಡ್ಡು ಡೀಲರಿನ ತಲೆಯ ಮೇಲೆ. ಹಾಗಾಗಿ ದೋಷದ ಕೋಡ್ ಓದುವ ಯಂತ್ರ ತೋರಿಸದೇ ಇದ್ದದ್ದನ್ನು ಅವನ ಕಣ್ಣೂ ನೋಡುವುದಿಲ್ಲ.

ಇದೇ ಕಾರನ್ನು ಶಿರಸಿಯ ಯಲ್ಲಾಪುರ ನಾಕೆಯ ಕಡೆ ಇರುವ ಗ್ಯಾರೇಜಿಗೆ ಒಯ್ದಿದ್ದೆ. ಮೇಸ್ತ್ರಿ ನನ್ನ ಮಾತು ಪೂರ್ತಿ ಕೇಳಿದರು. ಯಾವ ತಿರುವಿನಲ್ಲಿ, ಎಷ್ಟು ಮಳೆಯಲ್ಲಿ, ಏಸಿ ಹಾಕಿತ್ತಾ ಅಂತೆಲ್ಲ ವಿಚಾರಿಸಿದರು. ಹುಬ್ಬಳ್ಳಿಯಲ್ಲಿ ಯಾರೂ ಇಷ್ಟು ಕೇಳಿರಲಿಲ್ಲ. ಬಾನೆಟ್ ಎತ್ತಿಸಿ, ಬೀಡಿ ಹಿಡಿದ ಕೈಯಲ್ಲೇ ದೂರದಿಂದ ತೋರಿಸಿದರು.

"ನೋಡಿ, ಆ ಕನೆಕ್ಟರಿಗೆ ಮೇಲಿಂದ ನೀರು ಇಳೀತದೆ. ಒಳಗೆ ಹಸಿರು ಹಿಡಿದಿರ್ತದೆ. ಬಿಚ್ಚಿ, ಒರೆಸಿ, ಒಂದು ರಬ್ಬರ್ ಕೂರಿಸಿದ್ರೆ ಮುಗೀತು."

"ಹಾಗಾದ್ರೆ ಮಾಡಿಬಿಡಿ."

"ವಾರಂಟಿ ಇದ್ಯಾ?"

"ಇದೆ."

ಅವರು ಬಾನೆಟ್ ಇಳಿಸಿಯೇ ಬಿಟ್ಟರು. "ಬೇಡ ಹೆಗಡೇರೆ. ನಾ ಕೈ ಹಾಕಿದ್ದು ಗೊತ್ತಾದ್ರೆ ನಾಳೆ ಗಾಡೀಲಿ ಏನೇ ಆದ್ರೂ ನನ್ನ ಮೇಲೆ ಹಾಕ್ತಾರೆ. ವಾರಂಟಿ ಮುಗಿದ ಮೇಲೆ ತನ್ನಿ."

ನಮ್ಮ ಕಡೆಯ ಪರಿಸ್ಥಿತಿ ಇದು. ದೋಷ ಕಂಡವರು ಮುಟ್ಟುವಂತಿಲ್ಲ, ಮುಟ್ಟಬಹುದಾದವರಿಗೆ ಕಾಣುವುದಿಲ್ಲ. ಹಾಗಾಗಿ ವಾರಂಟಿ ಯಾವಾಗ ಮುಗಿಯುತ್ತದೆ ಅಂತ ಕಾಯುವವರು ಶಿರಸಿಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಮುಗಿದ ವಾರವೇ ಗ್ಯಾರೇಜಿನ ಎದುರು ಸಾಲು ಹಚ್ಚುತ್ತಾರೆ. ದುಡ್ಡು ಕೊಟ್ಟು ರಿಪೇರಿ ಮಾಡಿಸಿಕೊಂಡು, ಒಳ್ಳೆ ಖುಷಿಯಲ್ಲಿ ಮನೆಗೆ ಹೋಗುತ್ತಾರೆ.

ಡೀಸೆಲ್ ಕಾರಿನವರ ಪಾಡು ಇನ್ನೂ ಮಜಾ. 2020ರ ಏಪ್ರಿಲ್‌ನಿಂದ ಬಿಎಸ್ 6 ಎಂಬ ಹೊಗೆಯ ನಿಯಮ ಬಂತು. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರೂ ಬಂತು. ಆ ಮಸಿ ಆಗಾಗ ಸುಟ್ಟು ಹೋಗಬೇಕು. ಅದಕ್ಕೆ ಎಂಜಿನ್ ಚೆನ್ನಾಗಿ ಕಾದಿರಬೇಕು, ಕಾರು ನಿಲ್ಲದೆ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ನಮ್ಮ ಊರಿನ ಕಾರು ಓಡುವುದು ಎಲ್ಲಿಗೆ? ಮನೆಯಿಂದ ಹಾಲಿನ ಡೇರಿಗೆ, ಡೇರಿಯಿಂದ ಸೊಸೈಟಿಗೆ, ಸೊಸೈಟಿಯಿಂದ ಮನೆಗೆ. ಮಸಿ ತುಂಬಿ ದೀಪ ಹತ್ತುತ್ತದೆ. ಕೇಳಿದರೆ, ಇದು ಬಳಕೆಯ ದೋಷ ಸರ್, ಹೈವೇಲಿ ಅರ್ಧ ಗಂಟೆ ಓಡಿಸಿ ಅನ್ನುತ್ತಾರೆ. ಊರಿನ ಒಬ್ಬರು ಇದನ್ನು ತಪ್ಪದೆ ಪಾಲಿಸುತ್ತಾರೆ. ದೀಪ ಹತ್ತಿದ ಕೂಡಲೇ ಮನೆಮಂದಿಯನ್ನೆಲ್ಲ ತುಂಬಿಕೊಂಡು ಘಟ್ಟ ಇಳಿದು, 66ನೇ ಹೆದ್ದಾರಿಯಲ್ಲಿ ಮಸಿ ಸುಟ್ಟು, ಗೋಕರ್ಣದಲ್ಲಿ ದೇವರ ದರ್ಶನ ಮಾಡಿ, ಸಮುದ್ರ ನೋಡಿ ಬರುತ್ತಾರೆ. ಅವರ ಮಕ್ಕಳು ಈಗ ದೀಪ ಯಾವಾಗ ಹತ್ತುತ್ತದೆ ಅಂತ ಕಾಯುತ್ತಾರಂತೆ.

ಕಾನೂನು ಇಲ್ಲ ಅಂತಲ್ಲ. ಹೊರಗಿನ ಗ್ಯಾರೇಜುಗಳಿಗೆ ಬಿಡಿಭಾಗ ಸಿಗದ ಹಾಗೆ ಮಾಡುತ್ತಾರೆ ಎಂಬ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತ್ತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಮಾಡಬಾರದು, ಆ ರಿಪೇರಿಯಿಂದ ಹಾಳಾದಷ್ಟಕ್ಕೆ ಮಾತ್ರ ಇಲ್ಲ ಅನ್ನಬಹುದು ಅಂತಲೂ ಹೇಳಿತ್ತು. ಕಂಪನಿಗಳು ಅದರ ವಿರುದ್ಧ ಮೇಲೆ ಹೋದವು. ಇದನ್ನು ಮೇಸ್ತ್ರಿಗೆ ವಿವರಿಸಿ ಹೇಳಿದೆ. ಅವರು ಸ್ಪ್ಯಾನರ್ ಒರೆಸುತ್ತ, "ಆಯೋಗದವ್ರು ದಿಲ್ಲೀಲಿ ಇರ್ತಾರೆ, ಜಾಬ್ ಕಾರ್ಡ್ ಬರೆಯೋರು ಹುಬ್ಬಳ್ಳೀಲಿ ಇರ್ತಾರೆ" ಅಂದರು. ನನಗೆ ಎದುರು ಮಾತು ಹೊಳೆಯಲಿಲ್ಲ.

ಗ್ರಾಹಕರ ಆಯೋಗಕ್ಕೂ ಹೋಗಬಹುದು. 2019ರ ಕಾಯ್ದೆಯಂತೆ ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ನಮಗೆ ಅದು ಕಾರವಾರ. ತೊಂದರೆ ಆದ 2 ವರ್ಷದೊಳಗೆ ಕೊಡಬೇಕು. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಆದರೆ ಇದು ತಯಾರಿಕೆಯ ದೋಷವೇ ಅಂತ ತೋರಿಸಬೇಕು, ತಜ್ಞರ ವರದಿ ಬೇಕಾಗುತ್ತದೆ. ನನಗೆ ಗೊತ್ತಿರುವ ತಜ್ಞರೆಂದರೆ ಯಲ್ಲಾಪುರ ನಾಕೆಯವರು. ಅವರ ಹತ್ತಿರ ಸರ್ಟಿಫಿಕೇಟ್ ಇಲ್ಲ. ಮತ್ತೆ, ಶಿರಸಿಯಿಂದ ಕಾರವಾರಕ್ಕೆ ಹೋಗಿ ಬರುವುದು ದೇವಿಮನೆ ಘಟ್ಟದ ಮೇಲೆಯೇ. ಮಳೆಗಾಲದಲ್ಲಾದರೆ ಬಸ್ಸೇ ಒಳ್ಳೆಯದು.

ಅಮೆರಿಕದಲ್ಲಿರುವ ಅಣ್ಣನ ಮಗ ಫೋನಿನಲ್ಲಿ ಅಲ್ಲಿಯ ಕಾನೂನು ಹೇಳಿದ. (ನಮ್ಮ ಕಡೆ ಮನೆಗೊಬ್ಬ ಅಣ್ಣನ ಮಗ ಅಮೆರಿಕದಲ್ಲಿ ಇದ್ದೇ ಇರುತ್ತಾನೆ, ಬೇಡ ಅಂದರೂ ಅಲ್ಲಿಯ ಕಾನೂನು ಹೇಳುತ್ತಾನೆ.) ಅಲ್ಲಿ ಹೊಸ ಕಾರಿನ ಒಂದೇ ದೋಷ ಮತ್ತೆ ಮತ್ತೆ ರಿಪೇರಿಗೆ ಹೋಗಿಯೂ ಸರಿಯಾಗದಿದ್ದರೆ ಕಾರು ಬದಲಿಸಬೇಕು, ಇಲ್ಲವೇ ದುಡ್ಡು ವಾಪಸ್ ಕೊಡಬೇಕು. 1982ರಲ್ಲಿ ಕನೆಕ್ಟಿಕಟ್ ಎಂಬ ರಾಜ್ಯ ಮೊದಲು ಮಾಡಿತಂತೆ. ನಮ್ಮಲ್ಲಿ ಕಾರಿಗೆಂದೇ ಅಂಥ ಕಾನೂನು ಇನ್ನೂ ಬಂದಿಲ್ಲ. ನಾನು ಕೇಳಿದ್ದು ಒಂದೇ: ಅಲ್ಲಿಯವರಿಗೆ ದೋಷ ಕಣ್ಣಿಗೆ ಕಾಣುತ್ತದಾ? ಅವನು ನೆಟ್‌ವರ್ಕ್ ಸರಿ ಇಲ್ಲ ಅಂತ ಫೋನ್ ಇಟ್ಟ.

ಮೊನ್ನೆ ಹುಬ್ಬಳ್ಳಿಯಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ನಮ್ಮ ವಾರಂಟಿ ಮುಗಿಯುತ್ತ ಬಂತಂತೆ. ಇಷ್ಟು ದುಡ್ಡು ಕಟ್ಟಿದರೆ ಇನ್ನೂ 2 ವರ್ಷ ಮುಂದುವರಿಸುತ್ತಾರಂತೆ. ಸರ್ವಿಸ್ ಎಲ್ಲ ಅವರಲ್ಲೇ ಮಾಡಿಸಬೇಕು, ಹೊರಗಿನವರು ಮುಟ್ಟಬಾರದು. ಆಫರ್ ಇವತ್ತೇ ಕೊನೆ. ಫೋನು ಸ್ಪೀಕರಿನಲ್ಲಿತ್ತು. ಹೆಂಡತಿ ಲೆಕ್ಕ ಹಾಕತೊಡಗಿದಳು. ಮಗ, ಮಾರುವಾಗ ರೇಟು ಜಾಸ್ತಿ ಬರುತ್ತದೆ ಅಂದ. ಒಳಗೆ ಮಜ್ಜಿಗೆ ಕಡೆಯುತ್ತಿದ್ದ ಆಯಿ ಎಲ್ಲ ಕೇಳಿಸಿಕೊಂಡು ಬಾಗಿಲಿಗೆ ಬಂದಳು.

"ಹಂಗಾರೆ ಇನ್ನೂ ಎರಡು ವರ್ಷ ಕಾರು ರಿಪೇರಿ ಆಗ್ತಿಲ್ಯನಾ ತಮಾ?"

ಹುಡುಗಿಗೆ ನಮ್ಮ ಹವ್ಯಕ ಭಾಷೆ ಎಷ್ಟು ತಿಳಿಯಿತೋ. "ರಿಪೇರಿಗೆ ಬ್ಯಾರೇ ಸ್ಕೀಮ್ ಐತ್ರೀ ಅಮ್ಮಾರ" ಅಂದಳು.